ಕರೆದರೆ ಬರುವ ಅಕ್ಕಂದಿರು

ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಗೆ ಈಗ ಶುಕ್ರವಾರ ಬಂತೆಂದರೆ ಜನವೋ ಜನ. ಅಲ್ಲಿಯ ಮಹಾಲಕ್ಷ್ಮಿಗೆ ದೇವಸ್ಥಾನ ಏಳುವ ಮುಂಚಿನ ಕಥೆಯನ್ನು ಸುತ್ತಿನವರು ಹೇಳುವುದು ಹೀಗೆ. ಅಬ್ಬಯ್ಯ ಎಂಬ ಬಡವ ನರಸಯ್ಯನಪಾಳ್ಯದ ಕೆರೆಯ ಕಡೆ ದನ ಹೊಡೆದುಕೊಂಡು ಹೋಗುತ್ತಿದ್ದ. ಒಂದು ದಿನ ನೀರಿನ ಕಡೆಯಿಂದ ಹೆಣ್ಣುದನಿಯೊಂದು ‘ನಿನ್ನ ಮನೆಗೆ ಬರಲಾ?’ ಎಂದು ಕೇಳಿತು. ಅವನು ಮನೆಗೆ ಬಂದು ತಾಯಿಗೆ ಹೇಳಿದ. ಒಳ್ಳೆಯದಾಗಿದ್ದರೆ ಬಾ ಅನ್ನು, ಕೆಟ್ಟದ್ದಾಗಿದ್ದರೆ ಅಲ್ಲೇ ಇರು ಅನ್ನು ಎಂದಳು ತಾಯಿ. ಅವನು ಹಾಗೇ ಅಂದ. ಕೆರೆಯಲ್ಲಿ ಕಲ್ಲೊಂದು ಕೈಗೆ ಸಿಕ್ಕಿತು, ಮನೆಗೆ ತಂದು ಪೂಜೆಗಿಟ್ಟ, ಬಡತನ ಹೋಯಿತು, ಬಂದವರಿಗೆಲ್ಲ ಅನ್ನ ಹಾಕುವ ಮನೆಯಾಯಿತು.

ಈ ಕಥೆಯ ಜೀವ ಇರುವುದು ಆ ಕೇಳುವಿಕೆಯಲ್ಲಿ. ಬರುವವಳು ಅಪ್ಪಣೆ ಕೇಳುತ್ತಾಳೆ, ಮನೆಯವರು ಯೋಚಿಸಿ ಮಾತು ಕೊಡುತ್ತಾರೆ, ಆಮೇಲೆ ಇಬ್ಬರೂ ಆ ಮಾತಿಗೆ ಕಟ್ಟುಬೀಳುತ್ತಾರೆ. ಯುರೋಪಿನವರು ಫೇರಿ ಎಂದು ಕರೆದು ಮನೆಗೂ ಕೈತೋಟಕ್ಕೂ ಬರಮಾಡಿಕೊಳ್ಳುವವರಿಗೆ ನಮ್ಮಲ್ಲಿ ಹತ್ತಿರದ ನಂಟರು ಯಾರೆಂದು ಹುಡುಕುವವರು ಸಾಮಾನ್ಯವಾಗಿ ಇಂದ್ರಸಭೆಯ ಅಪ್ಸರೆಯರತ್ತ ಕೈ ತೋರಿಸುತ್ತಾರೆ. ಅಷ್ಟು ಮೇಲೆ ನೋಡಬೇಕಾಗಿಲ್ಲ. ಕೆರೆ ಏರಿ, ಬಾವಿಕಟ್ಟೆ, ತೋಟದ ಮೂಲೆಯಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತ ಸಾಲುಗಲ್ಲುಗಳ ಹತ್ತಿರ ಹೋದರೆ ಸಾಕು. ತುಮಕೂರು ಜಿಲ್ಲೆಯ ದೊಡ್ಡೇರಿಯ ಸುತ್ತಿನ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಯಲಲ್ಲಿ ಅವರು ಅಕ್ಕ, ಅಮ್ಮ, ಗಂಗಮ್ಮ. ಗಡಿಯ ತೆಲುಗು ಮನೆಗಳಲ್ಲಿ ಅಕ್ಕಮ್ಮಗಾರು, ಅಕ್ಕದೇವತೆಗಳು. ತಮಿಳುನಾಡಿನ ಕೆರೆಯಂಚಿನ ಏಳು ಮಂದಿ ಕನ್ನಿಮಾರರೂ ಇದೇ ಬಳಗ. ಇವರನ್ನು ಕುರಿತ ಬರವಣಿಗೆ ಇನ್ನೂರು ವರ್ಷದಲ್ಲಿ ಎಲ್ಲಿಂದ ಎಲ್ಲಿಗೆ ಬಂತು, ಏನನ್ನು ಹಿಡಿಯಿತು, ಏನನ್ನು ಕೈಬಿಟ್ಟಿತು ಎಂಬುದನ್ನು ಇಲ್ಲಿ ನೋಡಬಹುದು.

ಮೊದಲು ಬಂದವರು ಲೆಕ್ಕ ಬರೆಯುವವರು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತುತ್ತ ಮಧುಗಿರಿ, ಶಿರಾಗಳನ್ನು ಹಾದುಹೋದ. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಬೆಳೆ, ನೀರಾವರಿ, ದನದ ತಳಿ, ಜಾತಿಗಳ ಪದ್ಧತಿ ಎಲ್ಲವೂ ಇವೆ. ಯಾವ ಕುಲದವರು ಯಾವ ಶಕ್ತಿಗೆ ಬಲಿ ಕೊಡುತ್ತಾರೆ ಎಂಬುದನ್ನು ಅವನು ಕೇಳಿ ಬರೆದುಕೊಂಡ. ಆ ಶಕ್ತಿ ಮನೆಯೊಳಗೆ ಹೇಗೆ ಬಂದಳು ಎಂದು ಕೇಳಲಿಲ್ಲ. ಬಿ.ಎಲ್. ರೈಸ್ ಅವರ ಗೆಜೆಟಿಯರುಗಳದೂ ಅದೇ ನಡೆ. ಮದರಾಸಿನ ಬಿಷಪ್ ಆಗಿದ್ದ ಹೆನ್ರಿ ವೈಟ್‌ಹೆಡ್ 1916ರಲ್ಲಿ ದಕ್ಷಿಣ ಭಾರತದ ಗ್ರಾಮದೇವತೆಗಳ ಮೇಲೆ ಇಡೀ ಪುಸ್ತಕ ಬರೆದರು, ಏಳು ಮಂದಿ ಅಕ್ಕತಂಗಿಯರ ನಂಬಿಕೆಯನ್ನು ಮೈಸೂರು, ಬೆಂಗಳೂರುಗಳಲ್ಲಿ ಗುರುತಿಸಿದರು. ಅವರ ಕಣ್ಣು ಕೋಣನ ಬಲಿಯ ಮೇಲೆ ನೆಟ್ಟಿತ್ತು. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಜಾತಿ–ಬುಡಕಟ್ಟುಗಳ ಸಂಪುಟಗಳು 1928ರಿಂದ ಹೊರಬಂದವು. ಬಾಣಂತಿ ಬಾವಿಗೆ ಹೋಗಿ ಗಂಗೆ ಪೂಜೆ ಮಾಡುವಂಥ ಮನೆಯ ಶಾಸ್ತ್ರಗಳಿಗೆ ಇಂಥ ಸಂಪುಟಗಳಲ್ಲಿ ಜಾಗ ಸಿಕ್ಕಿತು, ಆದರೆ ಸಂಪ್ರದಾಯ ಎಂಬ ತಲೆಬರಹದಡಿ ಒಂದೆರಡು ಸಾಲಾಗಿ.

ಎರಡನೆಯ ಅಲೆ ಹಾಡಿನದು, ಅದು ನಮ್ಮವರೇ ಎಬ್ಬಿಸಿದ್ದು. ಹಲಸಂಗಿ ಗೆಳೆಯರ ‘ಗರತಿಯ ಹಾಡು’ 1931ರಲ್ಲಿ ಬಂತು. ಎರಡು ವರ್ಷದ ಮೇಲೆ ಅರ್ಚಕ ಬಿ. ರಂಗಸ್ವಾಮಿಯವರು ಬಾನಂದೂರಿನ ಬದುಕನ್ನೂ ಹಾಡನ್ನೂ ಒಟ್ಟಿಗೆ ಹಿಡಿದ ‘ಹುಟ್ಟಿದಹಳ್ಳಿ ಹಳ್ಳಿಯ ಹಾಡು’ ಪ್ರಕಟಿಸಿದರು. ಈ ಎರಡನೆಯ ಪುಸ್ತಕಕ್ಕೆ ಸಿಗಬೇಕಾದಷ್ಟು ಮನ್ನಣೆ ಇವತ್ತಿಗೂ ಸಿಕ್ಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಊರೊಳಗೇ ಇದ್ದವನು ಊರನ್ನು ಬರೆದರೆ ಹಬ್ಬ, ಹರಕೆ, ಹಾಡು ಬೇರೆ ಬೇರೆ ಅಧ್ಯಾಯಗಳಾಗಿ ಒಡೆಯುವುದಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಮಿಕ್ಕ ಸಂಗ್ರಹಕಾರರು ಹಾಡನ್ನು ಕಾವ್ಯವೆಂದು ಪ್ರೀತಿಸಿದರು. ಗೌರಿಯನ್ನು ಕರೆಯುವ ಹಾಡು ಪುಸ್ತಕಕ್ಕೆ ಬಂತು, ಅದನ್ನು ಹಾಡುತ್ತ ಹೆಂಗಸರು ಎಲ್ಲಿಗೆ ನಡೆದು ಹೋಗುತ್ತಿದ್ದರು, ಕೈಯಲ್ಲಿ ಏನಿತ್ತು ಎಂಬುದು ಹೊರಗೇ ಉಳಿಯಿತು.

ಹಾಗೆ ಹೊರಗೆ ಉಳಿದದ್ದನ್ನು ಹತ್ತಿರದಿಂದ ನೋಡಬೇಕು. ಗೌರಿ ಹಬ್ಬದ ಬೆಳಿಗ್ಗೆ ಮುತ್ತೈದೆಯರು ಕಳಶ ಹಿಡಿದು ಕೆರೆಗೋ ಬಾವಿಗೋ ಹೋಗುತ್ತಾರೆ. ನೀರಿನ ಅಂಚಿನಲ್ಲಿ ಅಂಗೈಯಗಲ ಜಾಗ ಸಾರಿಸಿ, ಸಣ್ಣ ಕಲ್ಲುಗಳನ್ನು ಸಾಲಾಗಿ ಕೂರಿಸಿ, ಅರಿಶಿನ ಬಳಿದು ಕುಂಕುಮ ಇಡುತ್ತಾರೆ. ಬಳೆ ಬಿಚ್ಚೋಲೆ, ವೀಳ್ಯದೆಲೆ, ನೆನೆಸಿದ ಕಡಲೆ. ಹಿಡಿ ಮರಳನ್ನೋ ಮಣ್ಣನ್ನೋ ಗೌರಿಯೆಂದು ಎತ್ತಿಕೊಂಡು ಬರುವ ಮನೆಗಳೂ ಉಂಟು. ಬರುವಾಗ ಹಿಂದಿರುಗಿ ನೋಡಬಾರದು. ಮನೆಯ ಬಾಗಿಲಲ್ಲಿ ಹೊಸಿಲ ಹೊರಗೇ ನಿಲ್ಲಿಸಿ, ಆರತಿ ಎತ್ತಿ, ಹೆಸರು ಹಿಡಿದು ಕರೆದ ಮೇಲೆಯೇ ಒಳಕ್ಕೆ. ಹಬ್ಬ ಮುಗಿದಾಗ ಮಡಿಲು ತುಂಬಿ ಅದೇ ನೀರಿಗೆ ಕಳಿಸಿಕೊಡುತ್ತಾರೆ. ಅರಸೀಕೆರೆ ಕಡೆಯ ಮಾಡಾಳಿನಲ್ಲಿ ಈ ಕಳಿಸಿಕೊಡುವುದೇ ದೊಡ್ಡ ಜಾತ್ರೆಯಾಗಿ ಬೆಳೆದಿದೆ. ಹಬ್ಬವಿಲ್ಲದ ದಿನಗಳಿಗೂ ಇದರದೇ ಚಿಕ್ಕ ರೂಪವೊಂದಿದೆ: ಮುಸ್ಸಂಜೆಗೆ ಮುಂಚೆ ಕಸ ಗುಡಿಸಿ ಪೊರಕೆ ಮರೆಗಿಟ್ಟು, ಹಿತ್ತಲ ಬಾಗಿಲು ಹಾಕಿ, ಮುಂಬಾಗಿಲು ತೆರೆದು ದೀಪ ಹಚ್ಚುವುದು. ಬರುವವಳು ಮುಂದಿನಿಂದ ಬಂದು ಹಿಂದಿನಿಂದ ಹೋಗದಿರಲಿ ಎಂದು. ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು, ದುಡ್ಡು ಹೊರಗೆ ಕೊಡುವುದಿಲ್ಲ.

ಹಾಡಿನ ಜೊತೆಗೇ ಕಥೆಗಳೂ ಕೂಡಿಬಂದವು. ಸಿಂಪಿ ಲಿಂಗಣ್ಣನವರಿಂದ ಮತಿಘಟ್ಟ ಕೃಷ್ಣಮೂರ್ತಿಯವರವರೆಗೆ ಎಷ್ಟೋ ಜನ ದುಡಿದರು. ಈ ಕಥೆಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಒಂದು ಕಟ್ಟಳೆ ಎದ್ದು ಕಾಣುತ್ತದೆ. ಕೊಳದಲ್ಲಿ ಮೀಯುವ ದೇವಕನ್ನಿಕೆಯ ಸೀರೆ ಬಚ್ಚಿಟ್ಟು ಮದುವೆಯಾದವನ ಮನೆಯಲ್ಲಿ ಅವಳು ನಿಲ್ಲುವುದಿಲ್ಲ. ಮಕ್ಕಳಾದ ಮೇಲೂ ಸೀರೆ ಸಿಕ್ಕ ದಿನ ಹಾರಿಹೋಗುತ್ತಾಳೆ. ಮದುವೆಗೆ ಪಾತ್ರೆ ಬೇಕೆಂದು ಸಂಜೆ ವೀಳ್ಯವಿಟ್ಟು ಕೇಳಿಕೊಂಡರೆ ಬೆಳಿಗ್ಗೆ ದಡದಲ್ಲಿ ಪಾತ್ರೆ ಇಟ್ಟಿರುತ್ತಿದ್ದ ಹೊಂಡದ ಕಥೆ ಕರ್ನಾಟಕದ ಹಲವೆಡೆ ಇದೆ. ಯಾರೋ ಒಬ್ಬರು ಒಂದು ಪಾತ್ರೆ ಹಿಂದಿರುಗಿಸದೆ ಉಳಿಸಿಕೊಂಡರು, ಅಂದಿನಿಂದ ಹೊಂಡ ಪಾತ್ರೆ ಕೊಡುವುದನ್ನು ನಿಲ್ಲಿಸಿತು. ಇಂಗ್ಲೆಂಡಿನ ಫ್ರೆನ್‌ಶಮ್ ಎಂಬ ಊರಿನ ಚರ್ಚಿನಲ್ಲಿರುವ ದೊಡ್ಡ ಕೊಪ್ಪರಿಗೆಯ ಬಗ್ಗೆ ಜಾನ್ ಆಬ್ರಿ ಹದಿನೇಳನೆಯ ಶತಮಾನದಲ್ಲಿ ಬರೆದಿಟ್ಟ ಫೇರಿ ಕಥೆಯೂ ಇದೇ: ಎರವಲು ತಂದದ್ದನ್ನು ಹೊತ್ತಿಗೆ ಸರಿಯಾಗಿ ಒಪ್ಪಿಸಲಿಲ್ಲ, ಕೊಡುವವರು ಕೈ ಮುಚ್ಚಿದರು.

ಎಲ್ಲಕ್ಕಿಂತ ಗಟ್ಟಿಯಾದದ್ದು ಏರಿಯ ಕಥೆ. ಕೆರೆ ಉಕ್ಕಿದ ರಾತ್ರಿ ಕಾವಲುಗಾರನ ಮುಂದೆ ಗಂಗಮ್ಮ ಹೆಂಗಸಾಗಿ ಬಂದು, ನಾನು ಏರಿ ಒಡೆದುಕೊಂಡು ಹೊರಟೆ ಎನ್ನುತ್ತಾಳೆ. ಊರಿಗೆ ಸುದ್ದಿ ಕೊಟ್ಟು ಬರುತ್ತೇನೆ, ನಾನು ಬರುವವರೆಗೆ ಹೋಗಬೇಡ ತಾಯಿ ಎಂದು ಅವನು ಭಾಷೆ ತೆಗೆದುಕೊಳ್ಳುತ್ತಾನೆ. ಊರಿಗೆ ಹೋದವನು ಮತ್ತೆ ಬರುವುದಿಲ್ಲ, ಊರು ಉಳಿಯಲೆಂದು ಪ್ರಾಣ ಬಿಡುತ್ತಾನೆ. ಅವಳು ಇವತ್ತಿಗೂ ಕಾಯುತ್ತಿದ್ದಾಳೆ, ಏರಿ ನಿಂತಿದೆ. ದಕ್ಷಿಣದ ಹಲವು ಕೆರೆಗಳ ಮೇಲೆ ಜನ ಹೇಳುವ ಈ ಕಥೆಯಲ್ಲಿ ಬೇಲಿಯಿಲ್ಲ, ಮಂತ್ರವಿಲ್ಲ. ನೀರನ್ನು ಹಿಡಿದಿರುವುದು ಒಂದು ಮಾತು ಮಾತ್ರ. ಬಲವಂತಕ್ಕೆ ನಿಲ್ಲದವಳು ಭಾಷೆಗೆ ನಿಂತಳು.

ಎ.ಕೆ. ರಾಮಾನುಜನ್ ಕನ್ನಡ ಹೆಂಗಸರಿಂದ ಕೇಳಿ ಬರೆದುಕೊಂಡ ಹೂವಿನ ಮರದ ಕಥೆಯನ್ನು ನಾನು ಇಲ್ಲಿಯೇ ಇಡುತ್ತೇನೆ. ಬಡಮನೆಯ ಹುಡುಗಿ, ಒಂದು ಬಿಂದಿಗೆ ನೀರು ಸುರಿದರೆ ಹೂ ತುಂಬಿದ ಮರವಾಗುತ್ತಾಳೆ, ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹೆಣ್ಣು. ನೀರು ಸುರಿಯುವವರು ಉಗುರು ತಾಗಿಸಬಾರದು, ಹೂ ಬಿಡಿಸುವಾಗ ರೆಂಬೆ ಎಲೆ ಮುರಿಯಬಾರದು. ಗಂಡನ ತಂಗಿ ಗೆಳತಿಯರೊಡನೆ ತೋಟದಲ್ಲಿ ಆಟಕ್ಕೆಂದು ಅವಳನ್ನು ಮರವಾಗಿಸಿ, ರೆಂಬೆ ಮುರಿದು, ಎರಡನೆಯ ಬಿಂದಿಗೆಯನ್ನು ಅಡ್ಡಾದಿಡ್ಡಿ ಸುರಿದು ಓಡಿಹೋಗುತ್ತಾಳೆ. ಹುಡುಗಿ ಕೈಕಾಲಿಲ್ಲದ ಮುಂಡವಾಗಿ ಬಿದ್ದಿರುತ್ತಾಳೆ. ರಾಮಾನುಜನ್ 1993ರಲ್ಲಿ ತೀರಿಕೊಂಡರು. ಕಥೆಯ ಹೆಸರನ್ನೇ ಹೊತ್ತ ಸಂಕಲನ 1997ರಲ್ಲಿ ಬಂತು. ಅದಕ್ಕೂ ಮುಂಚೆ, 1992ರಲ್ಲಿ, ಗಿರೀಶ ಕಾರ್ನಾಡರು ಇದನ್ನೇ ‘ಚೆಲುವಿ’ ಎಂಬ ಚಿತ್ರ ಮಾಡಿದ್ದರು. ಇದು ಹೆಂಗಸರು ಹೇಳುವ, ಹೆಣ್ಣನ್ನು ನಡುವಿಟ್ಟ ಕಥೆ ಎಂದು ರಾಮಾನುಜನ್ ಒತ್ತಿ ಹೇಳಿದ್ದು ಕನ್ನಡ ಜಾನಪದ ಅಧ್ಯಯನಕ್ಕೆ ದೊಡ್ಡ ತಿರುವು. ಹಿತ್ತಲಿಗೆ, ತೋಟಕ್ಕೆ ಕರೆದ ಜೀವವನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದರ ಬಗ್ಗೆ ಇಷ್ಟು ಕರಾರುವಾಕ್ಕಾದ ಕಥೆ ಇನ್ನೊಂದು ನನಗೆ ತಿಳಿದಿಲ್ಲ.

ಮೂರನೆಯ ಅಲೆ ವಿಶ್ವವಿದ್ಯಾಲಯಗಳದು. ಮೈಸೂರಿನಲ್ಲಿ ಜೀ.ಶಂ. ಪರಮಶಿವಯ್ಯನವರ ಕಾಲದಿಂದ ಜಾನಪದ ಓದುವ ವಿಷಯವಾಯಿತು. 1979ರಲ್ಲಿ ಎಚ್.ಎಲ್. ನಾಗೇಗೌಡರ ಕರ್ನಾಟಕ ಜಾನಪದ ಪರಿಷತ್ತು, 1994ರಲ್ಲಿ ರಾಮನಗರದ ಹತ್ತಿರ ಜಾನಪದ ಲೋಕ, 2011ರಲ್ಲಿ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಬಂದವು. ಈ ಅಲೆಯಲ್ಲಿ ಗೆದ್ದದ್ದು ಮಹಾಕಾವ್ಯ. ನಮ್ಮ ಸೀಮೆಯ ಮಟ್ಟಿಗೆ ಅದರಿಂದ ಆದ ಲಾಭ ಸಣ್ಣದಲ್ಲ: ಶಿರಾ ತಾಲ್ಲೂಕಿನ ಕಳುವರಹಳ್ಳಿಯ ದೈವ ಜುಂಜಪ್ಪ, ಅವನ ಗಣೆ ಎಂಬ ಕೊಳಲು, ಅವನ ಬಡಮೈಲ ಹೋರಿ, ಅವನನ್ನು ನಂಬಿದ ಕಾಡುಗೊಲ್ಲರ ಹಟ್ಟಿಗಳ ಇಡೀ ಲೋಕ ಬೆಳಕಿಗೆ ಬಂತು. ತೀ.ನಂ. ಶಂಕರನಾರಾಯಣ ಅವರು ಕಾಡುಗೊಲ್ಲರ ಸಂಪ್ರದಾಯ, ನಂಬಿಕೆಗಳನ್ನು ಬಿಡಿಸಿ ಬರೆದರು. ಕೃಷ್ಣಮೂರ್ತಿ ಹನೂರರು ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳನ್ನು ಬರೆದುಕೊಂಡರು. ಓದುಬರಹ ಬಾರದ ಆ ತಾಯಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಆದರೆ ಮಹಾಕಾವ್ಯಕ್ಕೆ ನಾಯಕ ಬೇಕು, ಗುಡ್ಡ ಬೇಕು, ಒಕ್ಕಲು ಬೇಕು. ಬಾವಿಕಟ್ಟೆಯ ಹೆಸರಿಲ್ಲದ ಅಕ್ಕಂದಿರಿಗೆ ಇವು ಯಾವುವೂ ಇಲ್ಲ, ಹಾಗಾಗಿ ಅವರ ಮೇಲೆ ಪ್ರಬಂಧಗಳೂ ಏಳಲಿಲ್ಲ.

ಕವಿ ಸಿದ್ಧಲಿಂಗಯ್ಯನವರ ‘ಗ್ರಾಮದೇವತೆಗಳು’ ಮತ್ತು ‘ಅವತಾರಗಳು’ ಈ ಬಿಗಿಯನ್ನು ಸಡಿಲಿಸಿದವು. ಅವರ ಪುಸ್ತಕಗಳಲ್ಲಿ ದೇವರು ಜನರೊಡನೆ ಜಗಳವಾಡುತ್ತದೆ, ಮುನಿಸಿಕೊಳ್ಳುತ್ತದೆ, ರಾಜಿಯಾಗುತ್ತದೆ. ಕೊಟ್ಟು ತೆಗೆದುಕೊಳ್ಳುವ ಸಂಬಂಧವೇ ಅಲ್ಲಿ ಮುಖ್ಯ. ಕರಾವಳಿಯಲ್ಲಿ ಪೀಟರ್ ಕ್ಲಾಸ್ ಸಿರಿ ಆರಾಧನೆಯ ಹೆಂಗಸರ ಅನುಭವವನ್ನೂ, ಲೌರಿ ಹೊಂಕೊ ಗೋಪಾಲ ನಾಯ್ಕರ ಬಾಯಿಂದ ಇಡೀ ಸಿರಿ ಕಾವ್ಯವನ್ನೂ ದಾಖಲಿಸಿದ್ದು ಇದೇ ದಿಕ್ಕಿನ ಕೆಲಸ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತ, ರಾತ್ರಿ ಬರುವ ಹೆಣ್ಣುದೆವ್ವವನ್ನು ತಡೆಯಲೆಂದು ಮನೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ಆಗ ಪತ್ರಿಕೆಗಳು ಮೌಢ್ಯವೆಂದು ಬರೆದು ಮುಗಿಸಿದವು. ಗೌರಿ ಹಾಡಿನ ಪಕ್ಕ ಇಟ್ಟು ನೋಡಿದರೆ ಅದು ಅದೇ ಕಟ್ಟಳೆಯ ಇನ್ನೊಂದು ಮಗ್ಗುಲು. ರಾತ್ರಿ ಬಾಗಿಲು ಬಡಿಯುವವಳೂ ಮಾತಿಗೆ ಬದ್ಧಳು, ನಾಳೆ ಬಾ ಎಂದರೆ ಹಿಂದಿರುಗುತ್ತಾಳೆ. ಕರೆಯುವುದಕ್ಕೂ ತಡೆಯುವುದಕ್ಕೂ ಹೊಸಿಲು ಒಂದೇ.

ಯುರೋಪಿನ ಅಧ್ಯಯನ ನಡೆದ ಹಾದಿಯಲ್ಲಿ ನಮಗೊಂದು ಎಚ್ಚರಿಕೆ ಇದೆ. ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಕರ್ಕ್ 1690ರ ದಶಕದ ಸುಮಾರಿಗೆ ಫೇರಿಗಳನ್ನು ನೆರೆಹೊರೆಯವರೆಂಬಂತೆ ಬರೆದ. ವಿಕ್ಟೋರಿಯಾ ಕಾಲದ ಚಿತ್ರಕಾರರು ಅವರಿಗೆ ರೆಕ್ಕೆ ಅಂಟಿಸಿ ಮಕ್ಕಳ ಪುಸ್ತಕಕ್ಕೆ ಸೇರಿಸಿದರು. 1917ರಲ್ಲಿ ಕಾಟಿಂಗ್ಲಿಯ ಇಬ್ಬರು ಹುಡುಗಿಯರು ತೆಗೆದ ಚಿತ್ರಗಳನ್ನು ಕಾನನ್ ಡಾಯ್ಲ್ ನಂಬಿ 1922ರಲ್ಲಿ ಪುಸ್ತಕ ಬರೆದರು. ಅವು ಕಾಗದದ ಗೊಂಬೆಗಳೆಂದು ಆ ಹುಡುಗಿಯರು ಮುದುಕಿಯರಾದ ಮೇಲೆ, 1983ರಲ್ಲಿ, ಒಪ್ಪಿಕೊಂಡರು. ನಿಜವೋ ಸುಳ್ಳೋ ಎಂಬ ಜಗಳದಲ್ಲಿ ನೆರೆಹೊರೆಯ ನೀತಿ ಮರೆತುಹೋಯಿತು. ಐರ್ಲೆಂಡಿನಲ್ಲಿ ಮಾತ್ರ ಅದು ಉಳಿದಿತ್ತು: 1999ರಲ್ಲಿ ಕ್ಲೇರ್ ಸೀಮೆಯ ಲಟೂನ್ ಎಂಬಲ್ಲಿ ಫೇರಿಗಳ ಮುಳ್ಳುಮರವೊಂದನ್ನು ಉಳಿಸಲು ಕಥೆಗಾರ ಎಡ್ಡಿ ಲೆನಿಹನ್ ದನಿಯೆತ್ತಿದರು, ರಸ್ತೆ ಆ ಮರವನ್ನು ಬಿಟ್ಟು ಹೋಯಿತು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಆಗಬೇಕಾದ ಕೆಲಸ ತುರ್ತಿನದು. ತೆರೆದ ಬಾವಿಗಳು ಬತ್ತಿವೆ; ಗಂಗೆ ಪೂಜೆ ಬೋರ್‌ವೆಲ್ ಲಾರಿಯ ಮುಂದೆ ನಡೆಯುತ್ತದೆ, ಅದೇ ಅರಿಶಿನ, ಅದೇ ತೆಂಗಿನಕಾಯಿ. ಪಾವಗಡದ ತಿರುಮಣಿ ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿದೆ. ಆ ಹೊಲಗಳ ಬದುವಿನ ಪೂಜೆಗಳನ್ನು ಉತ್ತು ಬಿತ್ತಿದವರು ನೆನಪಿಟ್ಟಿರುವಾಗಲೇ ಬರೆದುಕೊಳ್ಳಬೇಕು. ಕಣದಲ್ಲಿ ರಾಶಿ ಅಳೆಯುವಾಗ ಒಂದು ಎನ್ನದೆ ಲಾಭ ಎಂದು ಎಣಿಕೆ ಶುರು ಮಾಡುತ್ತಿದ್ದವರು ಇನ್ನೂ ಇದ್ದಾರೆ. ತುಮಕೂರು ಮತ್ತು ಗೊಟಗೋಡಿಯ ವಿದ್ಯಾರ್ಥಿಗಳು ದೊಡ್ಡೇರಿ ಹೋಬಳಿಯಿಂದ ಶುರುಮಾಡಲಿ: ಪ್ರತಿ ಕೆರೆ, ಪ್ರತಿ ಹಳೆಯ ಬಾವಿಗೆ ಒಂದು ಹಾಳೆ. ಅಲ್ಲಿ ಕಲ್ಲುಗಳಿವೆಯೇ, ಎಷ್ಟು, ಯಾರು ಪೂಜಿಸುತ್ತಾರೆ, ಯಾವ ಮನೆಯವರು ಮೊದಲು ಕರೆತಂದರು, ಕರೆದಾಗ ಬಾಯಿಬಿಟ್ಟು ಆಡಿದ ಮಾತು ಏನು. ಕೊನೆಯ ಪ್ರಶ್ನೆಯ ಉತ್ತರವನ್ನು ತಿದ್ದದೆ, ಹೇಳಿದವರ ಬಾಯಲ್ಲಿ ಬಂದ ಹಾಗೆಯೇ ಬರೆದುಕೊಳ್ಳಬೇಕು. ಈವರೆಗಿನ ಸಂಗ್ರಹಗಳಲ್ಲಿ ಕಾಣದಿರುವುದು ಅದೇ.