ವಾದಕ್ಕೆ ಮೊದಲು ವಿಷಯ: ದಪ್ಪಿನ ಮೇಳದಿಂದ ಮೊಬೈಲ್ ಗುಂಪಿನವರೆಗೆ

ಈಗ ಊರೂರಿಗೆ ಒಂದು ಚರ್ಚೆಯ ಗುಂಪು ಇದೆ. ಸಂಜೆ ದನ ಕಟ್ಟಿ, ಹಾಲು ಹಾಕಿ ಬಂದ ಮೇಲೆ ಯಾರೋ ಒಬ್ಬರು ಮೊಬೈಲ್‌ನಲ್ಲಿ ‘ಇವತ್ತಿನ ವಿಷಯ’ ಎಂದು ಹಾಕುತ್ತಾರೆ. ರಾತ್ರಿ ಊಟದ ಹೊತ್ತಿಗೆ ಮಾತು ಜೋರಾಗಿರುತ್ತದೆ. ಮುಂಜಾನೆ ಎದ್ದು ನೋಡಿದರೆ ಇಬ್ಬರು ಗುಂಪು ಬಿಟ್ಟು ಹೋಗಿರುತ್ತಾರೆ. ಯಾರು ಗೆದ್ದರು, ಯಾರು ಸೋತರು ಎಂದು ಎಲ್ಲರೂ ಕೇಳುತ್ತಾರೆ. ಆ ವಿಷಯವನ್ನು ಆರಿಸಿದವರು ಯಾರು, ಯಾಕೆ ಆರಿಸಿದರು ಎಂದು ಕೇಳುವವರು ಕಡಿಮೆ.

ಬೆಳಗಾವಿ ಜಿಲ್ಲೆಯ ಮಟ್ಟಿಗೆ ಈ ಪ್ರಶ್ನೆ ಹೊಸದಲ್ಲ. ರಾತ್ರಿಯಿಡೀ ಹಾಡುತ್ತಲೇ ವಾದ ಮಾಡಿದ ನಾಡು ಇದು. ದೇಶದ ದೊಡ್ಡ ಪಕ್ಷವೊಂದು ಯಾವ ವಿಷಯ ಚರ್ಚೆಗೆ ಬರಬೇಕು ಎಂದು ತಲೆ ಕೆಡಿಸಿಕೊಂಡು ಕುಳಿತ ಊರೂ ಇಲ್ಲಿಯದೇ. ಆ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಿದರೆ ಐನಾಪುರದ ಕಟ್ಟೆಯ ಮೇಲೆ ಕೂತು ವಿಷಯ ಆರಿಸುವವರಿಗೂ ಒಂದಿಷ್ಟು ಬುದ್ಧಿ ಸಿಗುತ್ತದೆ.

ಬೆಳಗಿನ ತನಕ ಸವಾಲು–ಜವಾಬು

ಜಾತ್ರೆಯಲ್ಲಿ ಹರದೇಶಿ–ನಾಗೇಶಿ ಕೇಳಿದವರಿಗೆ ಹೆಚ್ಚು ಹೇಳಬೇಕಿಲ್ಲ. ಕೇಳದ ಹುಡುಗರಿಗಾಗಿ ಎರಡು ಮಾತು. ಇದನ್ನು ಕಲ್ಗಿ–ತುರಾಯಿ ಎಂದೂ ಕರೆಯುತ್ತಾರೆ. ಎರಡು ಮೇಳಗಳು ಎದುರು ಬದುರು ನಿಲ್ಲುತ್ತವೆ. ಕೈಯಲ್ಲಿ ದಪ್ಪು, ತುಂತುಣಿ, ತಾಳ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡುತ್ತಾರೆ. ಒಂದು ಕಡೆ ಶಿವ, ಇನ್ನೊಂದು ಕಡೆ ಶಕ್ತಿ. ಒಬ್ಬರು ಪುರಾಣದಿಂದ ಒಂದು ಸವಾಲು ಎಸೆದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು.

ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ಪ್ರಶ್ನೆ ಎಷ್ಟೋ ತಲೆಮಾರಿನಿಂದ ಮುಗಿದಿಲ್ಲ, ಮುಗಿಯುವುದೂ ಇಲ್ಲ. ಆದರೂ ಜನ ಚಾಪೆ ಹಾಸಿಕೊಂಡು ಬೆಳಗಿನ ತನಕ ಕೂರುತ್ತಿದ್ದರು. ಇದಕ್ಕೆ ಕಾರಣ ಆ ವಿಷಯದ ಗುಣದಲ್ಲಿದೆ.

ಮೊದಲನೆಯದು, ಎರಡೂ ಕಡೆ ಸಮನಾದ ಸರಕು ಇದೆ. ಶಿವನ ಕಡೆಯವನಿಗೆ ಹತ್ತು ಕಥೆ ಸಿಕ್ಕರೆ ಶಕ್ತಿಯ ಕಡೆಯವಳಿಗೂ ಹತ್ತು ಕಥೆ ಸಿಗುತ್ತವೆ. ಎರಡನೆಯದು, ಕೂತು ಕೇಳುವವರಿಗೆ ವಿಷಯ ಗೊತ್ತಿದೆ. ಪ್ರತಿಯೊಬ್ಬರ ಮನೆಯಲ್ಲೂ ಗಂಡು ಹೆಣ್ಣು ಇಬ್ಬರೂ ಇದ್ದಾರೆ. ಹಾಡಿನಲ್ಲಿ ಸುಳ್ಳು ಬಂದರೆ ಅಜ್ಜಿಗೂ ತಿಳಿಯುತ್ತದೆ. ಮೂರನೆಯದು, ಸವಾಲು ಪಂಥಕ್ಕೆ ಹಾಕುವುದು, ಎದುರಿಗೆ ನಿಂತವರ ಮನೆತನಕ್ಕಲ್ಲ. ಎಷ್ಟೇ ಖಾರವಾಗಿ ಹಾಡಿದರೂ ಮರುದಿನ ಎರಡೂ ಮೇಳದವರು ಒಂದೇ ಅಂಗಡಿಯಲ್ಲಿ ಚಹಾ ಕುಡಿಯಬಹುದು.

ವಿಷಯ ಸರಿಯಾಗಿದ್ದರೆ ಜಗಳಕ್ಕೂ ಒಂದು ಅಂಗಳ ಸಿಗುತ್ತದೆ ಎಂಬುದನ್ನು ಮೇಳದವರು ಬರೆದಿಡದೆಯೇ ತಿಳಿದಿದ್ದರು.

ಪುರಾಣ ಬಿಟ್ಟು ಸುದ್ದಿಗೆ ಬಂದಾಗ

ಹಾಗಂತ ನಮ್ಮ ಹಾಡುಗಾರರು ಪುರಾಣದಲ್ಲೇ ಉಳಿಯಲಿಲ್ಲ. ಬಿಸಿಬಿಸಿ ಸುದ್ದಿಯೂ ಲಾವಣಿಯಾಯಿತು. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಬೇಕೆಂದು ಕಾನೂನು ತಂದಾಗ ಮುಧೋಳ ಕಡೆಯ ಹಲಗಲಿಯ ಬೇಡರು ಒಪ್ಪದೆ ತಿರುಗಿ ಬಿದ್ದರು. ಅದರ ಮೇಲೆ ಲಾವಣಿ ಹುಟ್ಟಿತು. ಸಂಗೊಳ್ಳಿ ರಾಯಣ್ಣನ ಮೇಲೆ ಹುಟ್ಟಿತು. ಕಡೆಗೆ ಸರ್ಕಾರ ಆದಾಯ ತೆರಿಗೆ ಹಾಕಿದ್ದರ ಮೇಲೂ ಲಾವಣಿ ಬಂತು. ಮುಂಬಯಿ ಸರ್ಕಾರದ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ 19ನೇ ಶತಮಾನದ ಕೊನೆಯಲ್ಲಿ ಇಂಥವನ್ನು ಬರೆಸಿಕೊಂಡು ಅಚ್ಚು ಹಾಕಿಸಿದ. ಆಳುವವರನ್ನೇ ಬೈಯುವ ಹಾಡುಗಳನ್ನು ಆಳುವವರ ಕಡೆಯವನೇ ಉಳಿಸಿದ್ದು ಚರಿತ್ರೆಯ ತಮಾಷೆ.

ಮುಂದೆ ಗಾಂಧಿ ಕಾಲದಲ್ಲಿ ಗೀಗೀ ಮೇಳಗಳು ಖಾದಿ, ಸೆರೆ ಅಂಗಡಿ, ಪರದೇಶಿ ಬಟ್ಟೆ ಎಲ್ಲವನ್ನೂ ಹಾಡಿದವು. ಪತ್ರಿಕೆ ಓದಲು ಬಾರದವರಿಗೆ ಅದೇ ಪತ್ರಿಕೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ರಾಯಣ್ಣನ ಲಾವಣಿಗೆ ಎದುರು ಪಂಥ ಇರಲಿಲ್ಲ. ‘ರಾಯಣ್ಣ ತಪ್ಪು, ಕಂಪನಿ ಸರಿ’ ಎಂದು ದಪ್ಪು ಬಾರಿಸಲು ಯಾರು ಬರುತ್ತಾರೆ? ಅದು ಊರೆಲ್ಲ ಸೇರಿ ಹಾಡುವ ಹಾಡು. ಅದರ ಬೆಲೆಯೇ ಬೇರೆ. ಆದರೆ ಅದನ್ನು ವಾದ ಎನ್ನಲಾಗದು. ನಮ್ಮ ಗುಂಪುಗಳಲ್ಲಿ ಆಗುವ ಎಡವಟ್ಟು ಬಹಳ ಸಲ ಇದೇ. ಊರೆಲ್ಲ ಒಪ್ಪುವ ಮಾತನ್ನು ಚರ್ಚೆಯ ವಿಷಯ ಎಂದು ಹಾಕುತ್ತೇವೆ. ಎದುರು ಮಾತಾಡಲು ಯಾರೂ ಇರುವುದಿಲ್ಲ. ಆಗ ಸುಮ್ಮನಿದ್ದವನನ್ನೇ ಹಿಡಿದು ‘ನೀ ಯಾಕ ಸುಮ್ಮನಿದ್ದಿ’ ಎಂದು ವೈರಿ ಮಾಡುತ್ತೇವೆ.

ವಿಷಯ ನಿಯಾಮಕ ಸಮಿತಿ

ಹಾಡಿನ ಅಂಗಳದಿಂದ ರಾಜಕೀಯದ ಚಪ್ಪರಕ್ಕೆ ಬರೋಣ. ಹಳೆಯ ಕಾಂಗ್ರೆಸ್ಸಿನಲ್ಲಿ ವಿಷಯ ನಿಯಾಮಕ ಸಮಿತಿ ಎಂದೇ ಒಂದು ಸಮಿತಿ ಇರುತ್ತಿತ್ತು. ಸಾವಿರಾರು ಜನರ ಮುಂದೆ ಯಾವ ಗೊತ್ತುವಳಿ ಬರಬೇಕು, ಯಾವ ಶಬ್ದಗಳಲ್ಲಿ ಬರಬೇಕು ಎಂಬುದನ್ನು ಅದು ಮೊದಲೇ ಕುಳಿತು ನಿರ್ಧರಿಸುತ್ತಿತ್ತು. ಬಹಿರಂಗ ಅಧಿವೇಶನದಲ್ಲಿ ಚಪ್ಪಾಳೆ, ಭಾಷಣ. ಅಸಲಿ ಜಗ್ಗಾಟ ಸಮಿತಿಯಲ್ಲಿ.

ವಿಷಯದ ಮೇಲಿನ ಹಿಡಿತ ಎಷ್ಟು ದೊಡ್ಡದು ಎಂದು 1907ರ ಸೂರತ್ ಅಧಿವೇಶನ ತೋರಿಸಿತು. ಹಿಂದಿನ ವರ್ಷ ಕಲ್ಕತ್ತೆಯಲ್ಲಿ ಸ್ವರಾಜ್ಯ, ಸ್ವದೇಶಿ, ಬಹಿಷ್ಕಾರ, ರಾಷ್ಟ್ರೀಯ ಶಿಕ್ಷಣದ ಗೊತ್ತುವಳಿಗಳು ಆಗಿದ್ದವು. ಸೂರತ್ತಿನಲ್ಲಿ ಮಂದಗಾಮಿಗಳು ಅವನ್ನು ಕೈಬಿಡುತ್ತಾರೆ, ಇಲ್ಲವೇ ಸಪ್ಪೆ ಮಾಡುತ್ತಾರೆ ಎಂದು ತಿಲಕರ ಕಡೆಯವರಿಗೆ ಅನುಮಾನ. ಅಧ್ಯಕ್ಷರ ಆಯ್ಕೆಯ ಮೇಲೂ ತಕರಾರು. ತಿಲಕರು ವೇದಿಕೆ ಹತ್ತಿ ಮಾತಾಡಲು ನಿಂತರು, ಅವಕಾಶ ಕೊಡಲಿಲ್ಲ. ಚಪ್ಪಲಿ ತೂರಿ ಬಂತು, ಕುರ್ಚಿಗಳು ಹಾರಿದವು, ಕಾಂಗ್ರೆಸ್ ಎರಡು ಹೋಳಾಯಿತು. ಅದು ಮತ್ತೆ ಒಂದಾಗಲು 1916ರ ಲಖನೌ ಅಧಿವೇಶನ ಬರಬೇಕಾಯಿತು. ಅದೇ 1916ರ ಏಪ್ರಿಲ್‌ನಲ್ಲಿ ತಿಲಕರು ಹೋಮ್ ರೂಲ್ ಲೀಗ್ ಸ್ಥಾಪಿಸಿದ್ದು ನಮ್ಮ ಬೆಳಗಾವಿಯಲ್ಲಿ.

ಯಾವ ಮಾತು ಆಡಬೇಕು ಎಂದು ಒಂದೇ ಕಡೆಯವರು ನಿರ್ಧರಿಸಿದರೆ ಮಾತು ಶುರುವಾಗುವ ಮೊದಲೇ ಮುರಿಯುತ್ತದೆ. ಸೂರತ್ ಕಲಿಸಿದ ಪಾಠ ಅದು.

ಇನ್ನೊಂದು ಬಗೆಯ ಪಾಠ 1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ನಡೆದ ಅಧಿವೇಶನದ್ದು. ಗಾಂಧೀಜಿ ಅಧ್ಯಕ್ಷರಾದ ಒಂದೇ ಅಧಿವೇಶನ ಇದು. ಸ್ವಾಗತ ಸಮಿತಿಯ ಮುಂದಾಳು ಗಂಗಾಧರರಾವ್ ದೇಶಪಾಂಡೆ. ಆಗಲೂ ಕಾಂಗ್ರೆಸ್ಸಿನಲ್ಲಿ ಎರಡು ಪಂಥ. ಶಾಸನಸಭೆಗೆ ಹೋಗಿ ಒಳಗಿನಿಂದ ಹೋರಾಡೋಣ ಎನ್ನುವ ಚಿತ್ತರಂಜನ್ ದಾಸ್, ಮೋತಿಲಾಲ್ ನೆಹರೂ ಅವರ ಸ್ವರಾಜ್ಯ ಪಕ್ಷ ಒಂದು ಕಡೆ. ಸಭೆಯ ಗೊಡವೆ ಬೇಡ, ಚರಕ ಮತ್ತು ಹಳ್ಳಿಯ ಕೆಲಸ ಸಾಕು ಎನ್ನುವವರು ಇನ್ನೊಂದು ಕಡೆ.

ಗಾಂಧೀಜಿ ಈ ವಾದವನ್ನು ‘ಯಾರು ಸರಿ’ ಎಂಬ ಪ್ರಶ್ನೆಯಾಗಿ ಬಿಡಲಿಲ್ಲ. ನವೆಂಬರ್‌ನಲ್ಲೇ ಕಲ್ಕತ್ತೆಯಲ್ಲಿ ಕುಳಿತು ಒಂದು ಒಪ್ಪಂದ ಮಾಡಿಕೊಂಡಿದ್ದರು. ಸ್ವರಾಜ್ಯ ಪಕ್ಷದವರು ಕಾಂಗ್ರೆಸ್ಸಿನ ಪರವಾಗಿಯೇ ಶಾಸನಸಭೆಯ ಕೆಲಸ ಮಾಡಲಿ, ಪರದೇಶಿ ಬಟ್ಟೆಯ ಬಹಿಷ್ಕಾರ ಒಂದನ್ನು ಉಳಿಸಿಕೊಂಡು ಅಸಹಕಾರ ನಿಲ್ಲಲಿ, ಸದಸ್ಯರಾಗಬೇಕಾದವರು ತಿಂಗಳಿಗೆ 2,000 ಗಜ ನೂಲು ಕೊಡಲಿ ಎಂಬುದು ಅದರ ಸಾರ. ಬೆಳಗಾವಿಯಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ‘ಗಾಂಧಿ ದೊಡ್ಡವರೋ ದಾಸ್ ದೊಡ್ಡವರೋ’ ಎಂಬ ಜಗಳ ‘ತಿಂಗಳಿಗೆ 2,000 ಗಜ ನೂಲು ನ್ಯಾಯವೋ ಅಲ್ಲವೋ’ ಎಂಬ ಲೆಕ್ಕಕ್ಕೆ ಇಳಿಯಿತು. ಲೆಕ್ಕವನ್ನು ಪರೀಕ್ಷೆ ಮಾಡಬಹುದು. ವರ್ಷ ತುಂಬುವ ಮೊದಲೇ, 1925ರ ಸೆಪ್ಟೆಂಬರ್‌ನಲ್ಲಿ ಪಾಟ್ನಾದಲ್ಲಿ ಸೇರಿದಾಗ, ನೂಲಿನ ಕಡ್ಡಾಯ ಬಿಟ್ಟು ಹಣ ಇಲ್ಲವೇ ನೂಲು ಎಂದು ಬದಲಿಸಿದರು. ಯಾರ ಮಾನವೂ ಹೋಗಲಿಲ್ಲ.

ಬದಿಯಲ್ಲೇ ಇನ್ನೊಂದು ಸಭೆ

1924ರ ಬೆಳಗಾವಿಯಲ್ಲಿ ನಮಗೆ ಸೇರಿದ ಇನ್ನೊಂದು ಕಥೆ ಇದೆ. ಕನ್ನಡಿಗರು ಆಗ ಮುಂಬಯಿ ಪ್ರಾಂತ, ಮದ್ರಾಸ್ ಪ್ರಾಂತ, ಹೈದರಾಬಾದ್, ಮೈಸೂರು, ಕೊಡಗು ಮತ್ತು ಚಿಕ್ಕಪುಟ್ಟ ಸಂಸ್ಥಾನಗಳಲ್ಲಿ ಹಂಚಿಹೋಗಿದ್ದರು. ದೇಶದ ದೊಡ್ಡ ಚಪ್ಪರದಲ್ಲಿ ಮುಖ್ಯ ವಿಷಯ ಒಪ್ಪಂದ ಮತ್ತು ಚರಕ. ಕನ್ನಡ ನಾಡು ಒಂದಾಗಬೇಕೆಂಬುದು ಅಲ್ಲಿ ಮುಖ್ಯ ವಿಷಯವಾಗಿರಲಿಲ್ಲ. ನಮ್ಮವರು ಸಿಟ್ಟಾಗಿ ಮನೆಗೆ ಹೋಗಲಿಲ್ಲ. ಅದೇ ಊರಲ್ಲಿ, ಅದೇ ದಿನಗಳಲ್ಲಿ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತು ನಡೆಸಿದರು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿದ್ದು ಆ ಬೆಳಗಾವಿಯಲ್ಲೇ.

ಆ ವಿಷಯ ಕೈಗೂಡಲು 32 ವರ್ಷ ಹಿಡಿಯಿತು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಬೇರೆಯವರ ಪಟ್ಟಿಯಲ್ಲಿ ನಮ್ಮ ವಿಷಯ ಇಲ್ಲದಿದ್ದರೆ ನಾವೇ ಒಂದು ಪಟ್ಟಿ ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಇವತ್ತಿನ ನಮ್ಮ ಪಟ್ಟಿಯನ್ನು ಬಹುಪಾಲು ಟಿವಿಯವರು ಮಾಡಿಕೊಡುತ್ತಾರೆ. ರಾತ್ರಿ ಒಂಬತ್ತಕ್ಕೆ ಅಲ್ಲಿ ಕೂಗಿದ್ದನ್ನು ಹತ್ತಕ್ಕೆ ನಾವು ಕೂಗುತ್ತೇವೆ.

ಐನಾಪುರದಿಂದ ನೋಡಿದರೆ

ಹಾಗಾದರೆ ಕೃಷ್ಣೆಯ ದಂಡೆಯ ಈ ಊರಿನವರು ಯಾವ ವಿಷಯ ಆರಿಸಬೇಕು? ಮೂರು ಉದಾಹರಣೆ ನೋಡೋಣ.

ಮೊದಲು ಕಬ್ಬು. ‘ಕಬ್ಬಿಗೆ ಹೆಚ್ಚು ದರ ಬೇಕೇ?’ ಎಂದು ಕೇಳಿದರೆ ಇಲ್ಲಿ ಬೇಡ ಎನ್ನುವವರಿಲ್ಲ. ಅದು ರಾಯಣ್ಣನ ಲಾವಣಿ ಇದ್ದ ಹಾಗೆ, ಎಲ್ಲರೂ ಒಂದೇ ಕಡೆ. ಆದರೆ ಕೇಂದ್ರದ ಎಫ್‌ಆರ್‌ಪಿ ದರ ಹೇಗೆ ಕಟ್ಟುತ್ತಾರೆ ನೋಡಿ. 2025–26ರ ಹಂಗಾಮಿಗೆ ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಅದು 10.25 ಶೇಕಡಾ ರಿಕವರಿಗೆ. ರಿಕವರಿ ಏರಿದರೆ ದರ ಏರುತ್ತದೆ, ಇಳಿದರೆ ಇಳಿಯುತ್ತದೆ. ಅದರಲ್ಲಿ ಕಟಾವು, ಸಾಗಣೆ ಖರ್ಚು ಮುರಿಯುತ್ತಾರೆ. ಈಗ ಪ್ರಶ್ನೆ ಕೇಳಿ: ರಿಕವರಿಯನ್ನು ಕಾರ್ಖಾನೆಯೇ ಅಳೆಯಬೇಕೋ ಹೊರಗಿನವರು ಅಳೆಯಬೇಕೋ? ಕಟಾವಿನ ಖರ್ಚು ಯಾರ ತಲೆಗೆ? ಇಲ್ಲಿ ರೈತ, ಕಾರ್ಖಾನೆ ಅಷ್ಟೇ ಅಲ್ಲ, ಕಬ್ಬು ಕಡಿಯುವ ಗ್ಯಾಂಗಿನವರೂ ಒಂದು ಪಂಥ. ಅವರ ಕೂಲಿಯ ಮಾತು ಬಂದರೆ ರೈತರಲ್ಲೇ ಎರಡು ಅಭಿಪ್ರಾಯ ಕಾಣುತ್ತವೆ. ಇದು ವಾದ.

ಎರಡನೆಯದು ಆಲಮಟ್ಟಿ. 1973ರಲ್ಲಿ ಬಚಾವತ್ ನ್ಯಾಯಮಂಡಳಿ ಕೃಷ್ಣೆಯ ನೀರನ್ನು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿಎಂಸಿ ಎಂದು ಹಂಚಿತು. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಆಲಮಟ್ಟಿಯಲ್ಲಿ 519.60 ಮೀಟರ್ ಬದಲು 524.256 ಮೀಟರ್ ತನಕ ನೀರು ನಿಲ್ಲಿಸಲು ಒಪ್ಪಿತು. ಆ ತೀರ್ಪು ಗೆಜೆಟ್‌ನಲ್ಲಿ ಪ್ರಕಟವಾಗದಂತೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಕೆಳಗಿನ ವಿಜಯಪುರ, ಬಾಗಲಕೋಟೆಯ ಒಣ ಹೊಲಗಳಿಗೆ ನೀರು ಬೇಕು. ಮೇಲಿನ ಸಾಂಗ್ಲಿ, ಕೊಲ್ಲಾಪುರದವರು ತಮ್ಮ ನೆರೆಗೆ ಆಲಮಟ್ಟಿಯೇ ಕಾರಣ ಎನ್ನುತ್ತಾರೆ, ಕರ್ನಾಟಕ ಅದನ್ನು ಒಪ್ಪುವುದಿಲ್ಲ. ನಾವು ಈ ಎರಡರ ನಡುವೆ ಕೂತವರು. ನಮ್ಮ ಹೊಲಕ್ಕೂ ಹೊಳೆಯ ನೀರು ಬೇಕು, 2019ರ ಆಗಸ್ಟ್‌ನಲ್ಲಿ ಅದೇ ಹೊಳೆ ಕಾಗವಾಡ ತಾಲೂಕಿನ ದಂಡೆಯ ಹಳ್ಳಿಗಳನ್ನು ಮುಳುಗಿಸಿದ್ದನ್ನೂ ಕಂಡಿದ್ದೇವೆ. ಈ ವಿಷಯದ ಮೇಲೆ ಬೆಂಗಳೂರಿನವರಿಗಿಂತ ಚೆನ್ನಾಗಿ ವಾದ ಮಾಡಬಲ್ಲವರು ಇಲ್ಲೇ ಇದ್ದಾರೆ.

ಮೂರನೆಯದು ಗಡಿ. ಇದು ಬೆಂಕಿಯ ವಿಷಯ. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಬೆಳಗಾವಿ ಇಲ್ಲೇ ಇರಲಿ, ನಿಪ್ಪಾಣಿ, ಖಾನಾಪುರ ಸೇರಿ 264 ಹಳ್ಳಿ ಆ ಕಡೆ ಹೋಗಲಿ, 247 ಹಳ್ಳಿ ಈ ಕಡೆ ಬರಲಿ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ‘ಬೆಳಗಾವಿ ಯಾರದು?’ ಎಂದು ಗುಂಪಿನಲ್ಲಿ ಹಾಕಿದರೆ ಕೆಲ ನಿಮಿಷದಲ್ಲಿ ಮಾತು ಮನೆಮಾತಿನ ಮೇಲೆ, ಜಾತಿಯ ಮೇಲೆ ಬೀಳುತ್ತದೆ. ನಮ್ಮ ಕಡೆ ಒಂದೇ ಓಣಿಯಲ್ಲಿ ಕನ್ನಡವೂ ಇದೆ, ಮರಾಠಿಯೂ ಇದೆ. ಮಿರಜ ದವಾಖಾನೆಗೆ ಹೋಗುವವರೂ ನಾವೇ. ಅದರ ಬದಲು ಹೀಗೆ ಕೇಳಬಹುದು: ಜತ್ತ ತಾಲೂಕಿನ ಕನ್ನಡ ಹಳ್ಳಿಗಳಿಗೆ ನೀರು ಕೊಡುವ ಹೊಣೆ ಯಾವ ಸರ್ಕಾರದ್ದು? ಗಡಿಯ ಆಚೆ ಈಚೆ ಎರಡೂ ಕಡೆ ಮನೆಮಾತಿನ ಶಾಲೆ ಉಳಿಸಲು ಏನು ಮಾಡಬೇಕು? ವಿಷಯ ಅದೇ ಗಡಿ. ಆದರೆ ಈಗ ಉತ್ತರ ಹುಡುಕಬಹುದು, ಎದುರಿಗಿನವನ ಅವ್ವನ ಭಾಷೆಯನ್ನು ಬೈಯಬೇಕಿಲ್ಲ.

ಉಳಿದ ಮಾತು

ಮೇಳದವರು, ಸೂರತ್ತಿನವರು, 1924ರ ಬೆಳಗಾವಿಯವರು ಕೊಟ್ಟ ಪಾಠ ಕೂಡಿಸಿದರೆ ವಿಷಯ ಆರಿಸುವವರು ಹಾಕಿಕೊಳ್ಳಬೇಕಾದ ಪ್ರಶ್ನೆ ನಾಲ್ಕೇ. ಎರಡೂ ಕಡೆ ಹಾಡುವವರು ಇದ್ದಾರೆಯೇ? ಕೇಳುವವರಿಗೆ ಸುಳ್ಳು ಹಿಡಿಯುವಷ್ಟು ವಿಷಯ ಗೊತ್ತಿದೆಯೇ? ಜಗಳವನ್ನು ಲೆಕ್ಕಕ್ಕೆ ಇಳಿಸಬಹುದೇ? ಆರಿಸುವಾಗ ಎದುರು ಕಡೆಯವರನ್ನೂ ಕೂರಿಸಿಕೊಂಡೆವೇ?

ಈ ಕೊನೆಯ ಪ್ರಶ್ನೆಯೇ ಕಷ್ಟದ್ದು. ಗುಂಪು ನಡೆಸುವವನ ಕೈಯಲ್ಲಿ ಈಗ ವಿಷಯ ನಿಯಾಮಕ ಸಮಿತಿಯ ಅಧಿಕಾರವಿದೆ, ಆದರೆ ಸಮಿತಿ ಇಲ್ಲ. ಭಿನ್ನ ಮಾತಾಡುವ ಇಬ್ಬರನ್ನು, ಅದರಲ್ಲಿ ಒಬ್ಬ ಹೆಣ್ಣುಮಗಳನ್ನು, ಜೊತೆಗೆ ಕೂರಿಸಿಕೊಂಡು ವಾರದ ವಿಷಯ ಆರಿಸಲಿ. ನಾಗೇಶಿ ಮೇಳದಲ್ಲಿ ಹೆಣ್ಣಿನ ಪಂಥವನ್ನು ಸಾಮಾನ್ಯವಾಗಿ ಹೆಣ್ಣುಮಕ್ಕಳೇ ಮುಂದೆ ನಿಂತು ಹಾಡುತ್ತಿದ್ದರು. ನಮ್ಮ ಮೊಬೈಲ್ ಗುಂಪುಗಳು ಇನ್ನೂ ಅಲ್ಲಿಗೆ ಮುಟ್ಟಿಲ್ಲ.