ಸನ್ಯಾಸಿ ಏಡಿ ಮತ್ತು ಬಸವನಹುಳು: ಹವಳದ ತೊಟ್ಟಿಯಲ್ಲಿ ಜೊತೆವಾಸ

ಕಡಲನೀರಿನ ಕಿರುತೊಟ್ಟಿಯಲ್ಲಿ ಪಾಚಿ, ಉಳಿದ ಆಹಾರ ತಿಂದು ಚೊಕ್ಕಟವಿಡುವ ಜೀವಿಗಳು ಸನ್ಯಾಸಿ ಏಡಿ ಮತ್ತು ಬಸವನಹುಳು. ಇವುಗಳ ಜಗಳ ಮನೆಗಾಗಿ. ಏಡಿಯ ಮೆತ್ತನೆಯ ಹೊಟ್ಟೆಗೆ ಸ್ವಂತ ಚಿಪ್ಪಿಲ್ಲ. ಬೆಳೆದಂತೆ ದೊಡ್ಡ ಶಂಖ ಬೇಕು. ಖಾಲಿಯದು ಸಿಗದಿದ್ದರೆ ಬಸವನಹುಳುವನ್ನೇ ಕೊಂದು ಒಳಹೊಕ್ಕೀತು. ಹೆಸರಿಗಷ್ಟೇ ಸನ್ಯಾಸಿ! ಹೊಸ ಶಂಖವನ್ನು ಹೊರಳಿಸಿ, ಅದರ ಬಾಯಿಗೆ ಇಕ್ಕಳದಂಥ ಮುಂಗಾಲು ತೂರಿಸಿ ಅಳೆದು, ರೆಪ್ಪೆ ಬಡಿಯುವಷ್ಟರಲ್ಲಿ ಮನೆ ಬದಲಿಸುತ್ತದೆ. ಬಸವನಹುಳು ಉಳಿಯಬೇಕಾದರೆ ಹಲವು ಅಳತೆಯ ಖಾಲಿ ಶಂಖಗಳನ್ನು ಹಾಕಿಡಬೇಕು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡಲಿಲ್ಲದ ಸೀಮೆ; ಇಲ್ಲಿ ಇಂಥ ತೊಟ್ಟಿ ಇಡುವವರು ಕೆಲವು ಸಂಗತಿ ಗಮನಿಸಬೇಕು. ಮಲಪ್ರಭಾ ನದಿಯ ಸಿಹಿನೀರ ಬಸವನಹುಳು ಈ ತೊಟ್ಟಿಯಲ್ಲಿ ಬದುಕದು. ಬೇಸಿಗೆಯಲ್ಲಿ ನೀರು ಆವಿಯಾದರೂ ಉಪ್ಪು ಉಳಿಯುತ್ತದೆ. ಇಳಿದಷ್ಟನ್ನು ಕ್ಲೋರಿನ್ ಇಲ್ಲದ ಸಿಹಿನೀರಿನಿಂದ ತುಂಬಿ, ಸಾಪೇಕ್ಷ ಸಾಂದ್ರತೆಯನ್ನು 1.025ರ ಆಸುಪಾಸು ಇಡಬೇಕು. ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧಿ ಏಡಿ, ಬಸವನಹುಳು ಎರಡಕ್ಕೂ ವಿಷ. ತೊಟ್ಟಿಗಾಗಿ ಕಡಲಿನಿಂದ ಗಟ್ಟಿ ಹವಳ ಕಿತ್ತು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.