ದೊಡ್ಡ ಅಕ್ಷರ, ತಪ್ಪಿದ ಸಾಲು

2000ದ ನವೆಂಬರ್ 7ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಪಾಮ್ ಬೀಚ್ ಕೌಂಟಿಯಲ್ಲಿ ಮತ ಹಾಕಿ ಹೊರಬಂದ ಅನೇಕರನ್ನು ಒಂದೇ ಅನುಮಾನ ಕಾಡಿತು: ತಾವು ಚುಚ್ಚಿದ್ದು ಸರಿಯಾದ ತೂತನ್ನೇ?

ಅಧ್ಯಕ್ಷ ಸ್ಥಾನಕ್ಕೆ ಹತ್ತು ಮಂದಿ ಕಣದಲ್ಲಿದ್ದರು. ಎಲ್ಲರ ಹೆಸರನ್ನೂ ಒಂದೇ ಪುಟದಲ್ಲಿ ಹಿಡಿಸಿದರೆ ಅಕ್ಷರ ತೀರ ಸಣ್ಣದಾಗುತ್ತಿತ್ತು. ನಿವೃತ್ತರು ಬಹಳ ಮಂದಿ ನೆಲೆಸಿದ ಜಾಗ ಅದು. ಹಾಗಾಗಿ ಚುನಾವಣಾಧಿಕಾರಿ ಥೆರೆಸಾ ಲೆಪೋರ್ ಅಕ್ಷರವನ್ನು ದೊಡ್ಡದು ಮಾಡಿಸಿ, ಹೆಸರುಗಳನ್ನು ಎದುರುಬದುರು ಪುಟಗಳಿಗೆ ಹಂಚಿದರು: ಎಡಕ್ಕೆ ಆರು, ಬಲಕ್ಕೆ ನಾಲ್ಕು. ಮೊನಚು ಕಡ್ಡಿಯಿಂದ ಚುಚ್ಚಬೇಕಾದ ತೂತುಗಳು ಮಾತ್ರ ನಡುವೆ ಒಂದೇ ಸಾಲಿನಲ್ಲಿ ಉಳಿದವು. ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಕಂಡದ್ದರಿಂದ ಅದಕ್ಕೆ ‘ಚಿಟ್ಟೆ ಮತಪತ್ರ’ ಎಂಬ ಹೆಸರು ಬಿತ್ತು.

ಎಡಪುಟದಲ್ಲಿ ಮೊದಲ ಹೆಸರು ಜಾರ್ಜ್ ಬುಷ್, ಎರಡನೆಯದು ಆಲ್ ಗೋರ್. ಎರಡನೇ ಹೆಸರಿಗೆ ಎರಡನೇ ತೂತು ಎಂದು ಯಾರಾದರೂ ಎಣಿಸುತ್ತಾರೆ. ಆದರೆ ಆ ತೂತು ಬಲಪುಟದ ಮೊದಲಿಗ ಪ್ಯಾಟ್ ಬುಕ್ಯಾನನ್‌ರದು. ಗೋರ್ ಅವರದು ಮೂರನೆಯದು. ಬಾಣದ ಗುರುತೂ ಇತ್ತು, ಸಂಖ್ಯೆಯೂ ಇತ್ತು. ಆದರೂ ಬಾಣ ಒಂದು ದಾರಿ ತೋರಿಸಿದರೆ, ಪುಟದ ಜೋಡಣೆ ಇನ್ನೊಂದು ದಾರಿಗೆ ಎಳೆಯಿತು.

ಡೆಮಾಕ್ರಟರ ಬಲವಿದ್ದ ಆ ಕೌಂಟಿಯಲ್ಲಿ ಬುಕ್ಯಾನನ್‌ರಿಗೆ 3,400ಕ್ಕೂ ಹೆಚ್ಚು ಮತ ಬಿದ್ದವು. ಅವುಗಳಲ್ಲಿ ಹೆಚ್ಚಿನವು ತಮ್ಮವಲ್ಲ ಎಂದು ಅವರೇ ಟಿವಿಯಲ್ಲಿ ಒಪ್ಪಿಕೊಂಡರು. ಒಂದಕ್ಕಿಂತ ಹೆಚ್ಚು ತೂತು ಬಿದ್ದು ತಿರಸ್ಕೃತವಾದ ಮತಪತ್ರಗಳು 19,000ಕ್ಕೂ ಹೆಚ್ಚು. ಬುಷ್ ಇಡೀ ಫ್ಲಾರಿಡಾವನ್ನು ಗೆದ್ದದ್ದು 537 ಮತಗಳಿಂದ. ಆ ರಾಜ್ಯದ ಗೆಲುವೇ ಅವರನ್ನು ಅಧ್ಯಕ್ಷರನ್ನಾಗಿಸಿತು.

ತಪ್ಪು ಮತದಾರರದೇ ಎಂದವರೂ ಇದ್ದರು. 2001ರಲ್ಲಿ ರಾಜಕೀಯ ವಿಜ್ಞಾನಿಗಳ ತಂಡವೊಂದು ಇದನ್ನು ಪರೀಕ್ಷಿಸಿತು. ಅದೇ ಕೌಂಟಿಯಲ್ಲಿ ಅಂಚೆ ಮೂಲಕ ಮತ ಹಾಕಿದವರಿಗೆ ಚಿಟ್ಟೆ ವಿನ್ಯಾಸದ ಪತ್ರ ಸಿಕ್ಕಿರಲಿಲ್ಲ. ಅವರ ಮತಗಳಲ್ಲಿ ಬುಕ್ಯಾನನ್‌ರತ್ತ ಅಂಥ ಒಲವು ಕಾಣಲಿಲ್ಲ. ಗೋರ್‌ಗೆ ಹೋಗಬೇಕಿದ್ದ 2,000ಕ್ಕೂ ಹೆಚ್ಚು ಮತಗಳು ದಾರಿ ತಪ್ಪಿದವೆಂದು ತಂಡ ತೀರ್ಮಾನಿಸಿತು.

ಪುಟವಿನ್ಯಾಸದಲ್ಲಿ ಅಕ್ಷರದ ಗಾತ್ರ ಯಾವುದು ಮುಖ್ಯವೆಂದು ಹೇಳುತ್ತದೆ. ಯಾವುದು ಯಾವುದಕ್ಕೆ ಸೇರಿದ್ದು ಎಂದು ಹೇಳುವುದು ಸ್ಥಾನ ಮತ್ತು ಸಾಲು. ಲೆಪೋರ್ ಹೆಸರುಗಳನ್ನು ಓದಲು ಸುಲಭ ಮಾಡಿದರು. ಹೆಸರಿಗೂ ತೂತಿಗೂ ಇದ್ದ ನಂಟು ಅಲ್ಲಿ ಸಡಿಲವಾಯಿತು. 2007ರಲ್ಲಿ ಅಮೆರಿಕದ ಚುನಾವಣಾ ನೆರವು ಆಯೋಗ ಮತಪತ್ರದ ವಿನ್ಯಾಸಕ್ಕೆ ಮಾದರಿಗಳನ್ನು ಪ್ರಕಟಿಸಿತು. ಅಷ್ಟರಲ್ಲಿ ಬುಷ್ ಎರಡನೇ ಅವಧಿಯಲ್ಲಿದ್ದರು.